ಪೀಚ್ ಗಿಡದಲ್ಲಿ ಬರೀ ಎಲೆ, ಹೂವಿಲ್ಲ (ಹೊಳಲ್ಕೆರೆ)

ಕೆಮ್ಮಣ್ಣು_ತೋಟ:
ಪೀಚ್ ಆಳೆತ್ತರ ಬೆಳೆದಿದೆ, ಒಂದು ಹೂವೂ ನಿಲ್ತಿಲ್ಲ. ಗೊಬ್ಬರ, ಡ್ರಿಪ್ ಎಲ್ಲಾ ಸರಿಯಾಗೇ ಇದೆ. ನರ್ಸರಿಯವರು ಫೋನೇ ಎತ್ತಲ್ಲ. ಕಿತ್ತು ಹಾಕ್ಲಾ?

ಭಗವಾ_ಹಿರಿಯೂರು:
ಬೋರಾನ್ ಕೊರತೆ. ಲೀಟರಿಗೆ 1 ಗ್ರಾಂ ಹೊಡೀರಿ.

ಕಸಿಕತ್ತಿ:
ತಳಿ ಯಾವುದು ಅಂತಾನೇ ಹೇಳಿಲ್ಲವಲ್ರೀ? ಪೀಚ್ ಹೂ ಬಿಡೋದು ಹಿಂದಿನ ವರ್ಷದ ಕಡ್ಡಿಯಲ್ಲಿ. ಅದರ ಗಿಣ್ಣು ನೋಡ್ರಿ: ಮೂರು ಮೊಗ್ಗಿದ್ರೆ ನಡುವಿನ ಸಣಕಲು ಎಲೆಮೊಗ್ಗು, ಅಕ್ಕಪಕ್ಕದ ದುಂಡನೆಯವು ಹೂಮೊಗ್ಗು. ಅವು ಬಂದೂ ಉದುರಿದ್ರೆ ಮೊಗ್ಗು ಏಳೋಕೆ ಬೇಕಾದ ಚಳಿ ಸಾಲದು. ಹೂಮೊಗ್ಗೇ ಇಲ್ಲದಿದ್ರೆ ಯೂರಿಯಾ ಜಾಸ್ತಿ, ನೆರಳು, ಇಲ್ಲಾ ಚಾಟ್ನಿ (ಕೊಂಬೆ ಸವರೋದು) ಮಾಡೋವಾಗ ಹೂ ಬಿಡೋ ಕಡ್ಡೀನೇ ಕತ್ತರಿಸಿರ್ತೀರಿ.

ಕೆಮ್ಮಣ್ಣು_ತೋಟ:
ದುಂಡನೆ ಮೊಗ್ಗು ಇದಾವೆ, ಒಣಗಿ ಉದುರ್ತವೆ. ಚೀಟಿಯಲ್ಲಿ ರೆಡ್‌ಹೇವನ್ ಅಂತಿತ್ತು. ಯಾವುದಾದ್ರೇನು, ಪೀಚ್ ಪೀಚೇ ಅಲ್ವಾ?

ಕಸಿಕತ್ತಿ:
ಅಲ್ಲೇ ಇರೋದು ಗಂಟು. ರೆಡ್‌ಹೇವನ್ ಮಿಷಿಗನ್‌ನಲ್ಲಿ 1940ರಲ್ಲಿ ಬಿಡುಗಡೆಯಾದ ತಳಿ. ಹಣ್ಣಿಗೆ ಹೆಸರಿಡೋ ಹಾಗಿಲ್ಲ: ಕೆಂಪು ಸಿಪ್ಪೆ, ಹಳದಿ ತಿರುಳು, ಚೆನ್ನಾಗಿ ಮಾಗಿದ್ರೆ ಓಟೆ ಬಿಟ್ಕೊಳ್ಳುತ್ತೆ, ಹೆಚ್ಚಿಟ್ಟರೂ ಬೇಗ ಕಪ್ಪಾಗಲ್ಲ. ಆದ್ರೆ 7 ಡಿಗ್ರಿ ಒಳಗಿನ ಚಳಿ 800 ಗಂಟೆಗೂ ಮೇಲೆ ಬೇಕು. ಹೊಳಲ್ಕೆರೆಯಲ್ಲಿ ಎಲ್ಲಿಂದ ತರ್ತೀರಿ?

ಭಗವಾ_ಹಿರಿಯೂರು:
ಏನೇ ಆಗ್ಲಿ, ಮೊದ್ಲು ಬೋರಾನ್ ಹೊಡೀರಿ. ನಮ್ಮ ದಾಳಿಂಬೆಯಲ್ಲಿ ಕಾಯಿ ಬಿರಿಯೋದು ಕಡಿಮೆಯಾಗುತ್ತೆ.

ಕಸಿಕತ್ತಿ:
ಕಾಯಿ ಬಿರಿಯೋದಕ್ಕೂ ಮೊಗ್ಗು ಏಳದಿರೋದಕ್ಕೂ ಏನ್ ಸಂಬಂಧ ಅಣ್ಣಾ?

ಚಪ್ಪರದ_ದ್ರಾಕ್ಷಿ:
ನಾವು ದ್ರಾಕ್ಷಿ ಕಣ್ಣು (ಮೊಗ್ಗು) ಒಡೀಲಿ ಅಂತ ಹಚ್ಚೋ ಹೈಡ್ರೋಜನ್ ಸಯನಮೈಡ್ ಹೊಡೆದ್ರೆ?

ಕಸಿಕತ್ತಿ:
ದ್ರಾಕ್ಷಿ ಲೆಕ್ಕದಲ್ಲಿ ಹೊಡೆದ್ರೆ ಪೀಚ್ ಹೂಮೊಗ್ಗು ಸುಟ್ಟೇ ಹೋಗ್ತವೆ. ವಿಷ ಬೇರೆ. ಹೊಡೆಯೋರು ಹಿಂದೆಮುಂದೆ ಹೆಂಡ ಮುಟ್ಟಂಗಿಲ್ಲ.
ಗಿಡ ಕೀಳಬೇಡಿ. ಹಳೇ ತೊಗಟೆಗೆ ಕಣ್ಣು ಕೂರಲ್ಲ, ಅದಕ್ಕೇ ಒಂದು ಕೊಂಬೆ ಉಳಿಸಿ ಮಿಕ್ಕಿದ್ದು ಸವರಿ. ಪೆನ್ಸಿಲ್ ದಪ್ಪದ ಹೊಸ ಚಿಗುರು ಬಂದು, ತೊಗಟೆ ಸಲೀಸಾಗಿ ಬಿಡೋ ಕಾಲದಲ್ಲಿ ಫ್ಲೋರ್ಡಾಪ್ರಿನ್ಸ್ ಅನ್ನೋ ಪೀಚ್ ತಳಿಯ ಕಣ್ಣು ಕೂರಿಸಿ ಕಸಿ ಮಾಡಿ, ಟೇಪ್ ಸುತ್ತಿ. ಅದಕ್ಕೆ 150 ಗಂಟೆ ಚಳಿ ಸಾಕು.

ಚಪ್ಪರದ_ದ್ರಾಕ್ಷಿ:
ಶಾನ್-ಎ-ಪಂಜಾಬ್ ಹಾಕ್ಸಿ, ಓಟೆ ಬಿಡುತ್ತೆ. ಫ್ಲೋರ್ಡಾಪ್ರಿನ್ಸ್ ಅಂಟ್ಕೊಳ್ಳುತ್ತೆ.

ಕಸಿಕತ್ತಿ:
ಅದಕ್ಕೆ ಚಳಿ ಇನ್ನೂ ಜಾಸ್ತಿ ಬೇಕು. ಹಣ್ಣೇ ಇಲ್ದೆ ಓಟೆ ಕಟ್ಕೊಂಡು ಏನ್ ಮಾಡ್ತೀರಿ? ನಮ್ಮಲ್ಲಿ 150 ಗಂಟೇನೂ ಸಿಗಲ್ಲ, ದಾಳಿಂಬೆ ಬಹಾರಕ್ಕೆ (ಒಟ್ಟಿಗೆ ಹೂ ಬಿಡಿಸೋದಕ್ಕೆ) ಮಾಡೋ ಹಾಗೆ ನೀರು ನಿಲ್ಲಿಸಿ ಬರ ಕೊಡಬೇಕು. ನವೆಂಬರಲ್ಲಿ ಡ್ರಿಪ್ ಬಂದ್, ಎಲೆ ಹಳದಿಯಾದ್ಮೇಲೆ ಕೈಯಲ್ಲೇ ಸವರಿ, ಹಗುರ ಚಾಟ್ನಿ, ಆಮೇಲೆ ನೀರು. ಆದ್ರೂ ಫಸಲು ಗ್ಯಾರಂಟಿ ಅನ್ನಲ್ಲ. ಕಾಯಿ ಕಚ್ಚಿದ್ರೆ 15 ಸೆಂಟಿಮೀಟರಿಗೆ ಒಂದು ಬಿಟ್ಟು ಮಿಕ್ಕಿದ್ದು ಕೀಳಿ.

ಭಗವಾ_ಹಿರಿಯೂರು:
ಬಹಾರ ಅಂದ್ರಿ, ನೋಡ್ರಿ ನಮ್ಮದು: ಡಬಲ್ ಲ್ಯಾಟರಲ್, 4 ಲೀಟರ್ ಡ್ರಿಪ್ಪರ್, ಗೊಬ್ಬರ ಬಿಡೋ ವೆಂಚುರಿ, ಡಿಸ್ಕ್ ಫಿಲ್ಟರ್.

ಚಪ್ಪರದ_ದ್ರಾಕ್ಷಿ:
ವೆಂಚುರಿ ಎಷ್ಟು ಇಂಚಿಂದು?

ಕೆಮ್ಮಣ್ಣು_ತೋಟ:
ರೀ, ಫ್ಲೋರ್ಡಾಪ್ರಿನ್ಸ್ ಕಡ್ಡಿ ಎಲ್ಲಿ ಸಿಗುತ್ತೆ ಅದನ್ನ ಹೇಳ್ರಿ!

ಭಗವಾ_ಹಿರಿಯೂರು:
ಎರಡು ಇಂಚು. ಫೋಟೋ ಹಾಕ್ತೀನಿ ತಡೀರಿ.