ಬಲ್ಗೇರಿಯಾದಲ್ಲಿ ಬ್ಯಾಂಕ್ ಬಡ್ಡಿ, ಪೋಲೆಂಡಿನಲ್ಲಿ ಮೀಟರ್ ಬಡ್ಡಿ: ‘ಲಿಖ್ವಾ’ ಎಲ್ಲಿಯ ಪದ?

ಪ್ರಶ್ನೆ: ನಮಸ್ಕಾರ ಮೇಡಂ. ಕೆಲಸದ ಮೇಲೆ ಸೋಫಿಯಾದಲ್ಲಿದ್ದೇನೆ. ಇಲ್ಲಿನ ಬ್ಯಾಂಕುಗಳಲ್ಲಿ ಬಡ್ಡಿಗೆ ‘ಲಿಖ್ವಾ’ ಅಂತಾರೆ. ಆದರೆ ಜೊತೆಗೆ ಕೆಲಸ ಮಾಡುವ ಪೋಲಿಷ್ ಗೆಳೆಯನ ಪ್ರಕಾರ ಅವರ ಕಡೆ ‘ಲಿಖ್ವಾ’ ಅಂದರೆ ನಮ್ಮ ಮೀಟರ್ ಬಡ್ಡಿ. ಬಲ್ಗೇರಿಯನ್, ಪೋಲಿಷ್, ರಷ್ಯನ್ ಎಲ್ಲ ಸೇರುವ ಸ್ಲಾವಿಕ್ ಭಾಷೆಗಳಲ್ಲಿ ‘ಲಿಖ್’ ಅಂದರೆ ಕೆಟ್ಟದ್ದು, ಅದರಿಂದಲೇ ಇದು ಹುಟ್ಟಿದ್ದು ಅನ್ನುತ್ತಾನೆ. ನಿಜವಾ?

ಉತ್ತರ: ನಮಸ್ಕಾರ. ಐತಿಹಾಸಿಕ ಭಾಷಾವಿಜ್ಞಾನ ನನ್ನ ಕ್ಷೇತ್ರ. ನಿಮ್ಮ ಗೆಳೆಯರು ಹೇಳಿದ ವ್ಯುತ್ಪತ್ತಿಯನ್ನು ಕೆಲವು ವಿದ್ವಾಂಸರೂ ಹೇಳಿದ್ದಾರೆ. ಆದರೆ ಹೆಚ್ಚಿನವರು ಒಪ್ಪುವುದು, ನಾನೂ ಒಪ್ಪುವುದು, ಬೇರೆಯದನ್ನು: ಇದು ಜರ್ಮಾನಿಕ್ ಜನರಿಂದ ಸ್ಲಾವರು ಪಡೆದ ಪದ. ಈಗ ಬಳಕೆಯಲ್ಲಿಲ್ಲದ ಗಾಥಿಕ್ ಎಂಬ ಹಳೆಯ ಜರ್ಮಾನಿಕ್ ಭಾಷೆಯಲ್ಲಿ ‘ಲೀಹ್ವಾನ್’ ಅಂದರೆ ಸಾಲ ಕೊಡುವುದು. ಅಲ್ಲಿ ‘ಹ್ವ’ ಧ್ವನಿಗೆ ಪ್ರತ್ಯೇಕ ಅಕ್ಷರವೇ ಇತ್ತು. ಆ ‘ಹ್ವ’ ಸ್ಲಾವರ ಬಾಯಲ್ಲಿ ‘ಖ್ವ’ ಆಗುವುದು ತೀರಾ ಸಹಜ. ನಾವು ದಿನಾ ಆಡುವ ‘ಲೋನ್’ ಕೂಡ ಇದೇ ವಂಶದ್ದು.

‘ಲಿಖ್ವಾ’ ಒಂಟಿಯಾಗಿಯೂ ಬರಲಿಲ್ಲ. ಕೊಳ್ಳುವುದಕ್ಕೆ ರಷ್ಯನ್ನರು ಹೇಳುವ ‘ಕುಪಿತ್’, ಹಣಕ್ಕೆ ಪೋಲಿಷರು ಹೇಳುವ ‘ಪ್ಯೆನ್ಯೊಂದ್ಜೆ’ ಎರಡೂ ಜರ್ಮಾನಿಕ್‌ನಿಂದ ಹಿಂದೆಯೇ ಎರವಲು ಬಂದ ಪದಗಳೇ. ವ್ಯಾಪಾರ ಬಂದ ದಾರಿಯಲ್ಲೇ ಪದಗಳೂ ಬಂದವು.

ನನಗೆ ಬಹಳ ಇಷ್ಟವಾದ ಸಾಕ್ಷ್ಯ ಬೈಬಲ್ಲಿನದು. ಲೂಕ 19:23ರಲ್ಲಿ ಯಜಮಾನ ತನ್ನ ಹಣವನ್ನು ಬಡ್ಡಿಸಮೇತ ಕೇಳುತ್ತಾನೆ. 4ನೇ ಶತಮಾನದ ಗಾಥಿಕ್ ಅನುವಾದದಲ್ಲಿ ಆ ಜಾಗದಲ್ಲಿರುವುದು ‘ವೋಕ್ರ್ಸ್’ ಎಂಬ ಬೇರೆಯೇ ಪದ. ಸ್ಲಾವರ ಮೊದಲ ಬರಹದ ಭಾಷೆಯಾದ ಪ್ರಾಚೀನ ಚರ್ಚ್ ಸ್ಲಾವಿಕ್‌ನ ಅನುವಾದದಲ್ಲಿರುವುದು ‘ಲಿಖ್ವಾ’. ಅಂದರೆ ಸ್ಲಾವಿಕ್ ಅನುವಾದಕರು ಗಾಥಿಕ್ ಪುಸ್ತಕ ನೋಡಿ ಪದ ಎತ್ತಿಕೊಂಡಿಲ್ಲ, ಅದು ಆಗಲೇ ಜನರ ಬಾಯಲ್ಲಿದ್ದಿರಬೇಕು. ಅದೇ ಪದ ಬೈಬಲ್ಲಿನ ಕೀರ್ತನೆಗಳಲ್ಲೂ ಬರುತ್ತದೆ, ಹಣವನ್ನು ಲಿಖ್ವಾಕ್ಕೆ ಕೊಡದವನೇ ಸಜ್ಜನ ಅಂತ. ಒಂದು ಕಡೆ ಬರೀ ಲೆಕ್ಕ, ಇನ್ನೊಂದು ಕಡೆ ಪಾಪ. ಬಲ್ಗೇರಿಯನ್ನರಿಗೆ ಮೊದಲನೆಯ ಅರ್ಥ ಉಳಿಯಿತು, ಪೋಲಿಷರಿಗೆ ಎರಡನೆಯದು.

ಪ್ರಶ್ನೆ (ಇನ್ನೊಬ್ಬರು): ನಮ್ಮ ‘ಋಣ’ಕ್ಕೂ ಇದಕ್ಕೂ ನಂಟಿದೆಯಾ ಮೇಡಂ?

ಉತ್ತರ: ಋಣಕ್ಕೆ ಇಲ್ಲ, ‘ರಿಕ್ತ’ಕ್ಕೆ ಇದೆ! ಸಂಸ್ಕೃತದ ‘ರಿಚ್’ ಧಾತು, ಅಂದರೆ ಬಿಡುವುದು, ಬರಿದು ಮಾಡುವುದು. ಅದೂ ಗಾಥಿಕ್ ‘ಲೀಹ್ವಾನ್’ ಕೂಡ ಒಂದೇ ಇಂಡೋ-ಯುರೋಪಿಯನ್ ಮೂಲದವು. ಸಾಲ ಕೊಡುವುದೆಂದರೆ ನಮ್ಮದನ್ನು ಇನ್ನೊಬ್ಬರ ಬಳಿ ಬಿಟ್ಟಿರುವುದು ತಾನೇ? ‘ಅತಿರಿಕ್ತ’, ‘ಅತಿರೇಕ’ ಬಂದದ್ದೂ ಆ ಧಾತುವಿನಿಂದಲೇ. ಸ್ಲಾವಿಕ್ ‘ಲಿಖ್’ನ ಹಳೆಯ ಅರ್ಥ ಮಿಕ್ಕಿದ್ದು, ಹೆಚ್ಚುವರಿ, ಅದನ್ನೂ ಸಾಮಾನ್ಯವಾಗಿ ಇದೇ ಮೂಲಕ್ಕೆ ಒಯ್ಯುತ್ತಾರೆ. ಹಾಗಾಗಿ ಮೊದಲು ಕೇಳಿದವರ ಗೆಳೆಯರು ಹೇಳಿದ್ದು ಪೂರ್ತಿ ಪರಕೀಯವೇನಲ್ಲ, ದೂರದ ದಾಯಾದಿ.

ಪ್ರಶ್ನೆ: ಹಳೆಯ ರಷ್ಯಾದ ಸಾಲದ ಕಾನೂನಿನಲ್ಲೂ ಲಿಖ್ವಾ ಅಂತಲೇ ಇತ್ತಾ? ಗೇಣಿಗೆ ಏನನ್ನುತ್ತಿದ್ದರು?

ಉತ್ತರ: ‘ರುಸ್ಕಯಾ ಪ್ರಾವ್ದಾ’ ಎಂಬ ಕಾನೂನು ಸಂಗ್ರಹದಲ್ಲಿ ಹಣದ ಬಡ್ಡಿಗೆ ‘ರೆಜ್’ ಅಂತಿದೆ. ಅದು ಕೊಯ್ಯುವುದು, ಕೆತ್ತುವುದು ಎಂಬ ಕ್ರಿಯಾಪದದ ಬಳಗದ್ದು. ಜೇನು ಸಾಲ ಕೊಟ್ಟರೆ ಬರುವ ಹೆಚ್ಚುವರಿ ‘ನಸ್ತಾವ್’, ಧಾನ್ಯದ್ದು ‘ಪ್ರಿಸೋಪ್’. ಯಾವುದಕ್ಕೇ ಆಗಲಿ ಸಾಕ್ಷಿಗಳನ್ನು ನಿಲ್ಲಿಸಬೇಕಿತ್ತು. 1113ರಲ್ಲಿ ಕೀವ್‌ನಲ್ಲಿ ಜನ ದಂಗೆ ಎದ್ದ ಮೇಲೆ ಪಟ್ಟಕ್ಕೆ ಬಂದ ವ್ಲಾದಿಮಿರ್ ಮೊನೊಮಾಖ್ ಇದಕ್ಕೆ ಕಡಿವಾಣ ಹಾಕಿದ. ‘ಮೂರನೇ ಪಾಲಿನ’ ರೆಜ್ ಎರಡು ಸಲ ತೆಗೆದುಕೊಂಡವನು ಅಸಲು ಕೇಳಬಹುದು. ಮೂರನೇ ಸಲವೂ ತೆಗೆದುಕೊಂಡರೆ ಅಸಲೇ ಹೋಯಿತು! ವರ್ಷಕ್ಕೆ ಗ್ರಿವ್ನಾಕ್ಕೆ 10 ಕೂನಾ (ಗ್ರಿವ್ನಾ ಆಗಿನ ಹಣದ ದೊಡ್ಡ ಮಾನ, ಕೂನಾ ಚಿಕ್ಕದು) ತೆಗೆದುಕೊಳ್ಳಲು ಮಾತ್ರ ಅಡ್ಡಿ ಇರಲಿಲ್ಲ. ಗ್ರಿವ್ನಾಕ್ಕೆ 50 ಕೂನಾ ಅಂತ ಹಿಡಿದರೆ ಅದು ಶೇ. 20. ಬಡ್ಡಿಯ ಹೊರೆಯಲ್ಲಿ ನಲುಗಿದವರಿಗೆ ಇದೆಷ್ಟು ದೊಡ್ಡ ಆಸರೆ ಅಂತ ಲೇವಾದೇವಿಯ ಕಷ್ಟ ಕಂಡ ನಮ್ಮ ಹಳ್ಳಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಗೇಣಿಯ ವಿಷಯಕ್ಕೆ ಬಂದರೆ, ಪೋಲಿಷ್ ‘ಚಿನ್ಶ್’, ಚೆಕ್ ‘ಚಿಂಜೆ’ ಎರಡೂ ಲ್ಯಾಟಿನ್ ‘ಕೆನ್ಸುಸ್’ನಿಂದ ಜರ್ಮನ್ ಮೂಲಕ ಬಂದವು. ರಷ್ಯಾದ ಹಳೆಯ ನಗರ ನೊವ್ಗೊರೊದ್‌ನಲ್ಲಿ 1951ರ ಜುಲೈ 26ರಂದು ಸಿಕ್ಕ ಮೊಟ್ಟಮೊದಲ ಭೂರ್ಜ ತೊಗಟೆಯ ಬರಹ ಹಳ್ಳಿಗಳಿಂದ ಬರಬೇಕಾದ ಸಲ್ಲಿಕೆಗಳ ಪಟ್ಟಿ. ಅದರಲ್ಲಿರುವ ಪದ ‘ಪೊಜೆಮ್’: ‘ಜೆಮ್ಲ್ಯಾ’ ಅಂದರೆ ನೆಲ, ನೆಲಕ್ಕೆ ಕೊಡುವ ಗೇಣಿ ಪೊಜೆಮ್.