ಉಡುಪಿ ಸೆಕೆಗೆ ಬೀಜದಿಂದ ಪ್ಯಾನ್ಸಿ ಬರ್ತದಾ? ಯಾವ ಕಲರ್ ತಗೊಳ್ಳುದು?

ಉಡುಪಿ_ಜಗಲಿ
ನಮಸ್ಕಾರ ಎಲ್ಲರಿಗೂ. ಮನೆ ಜಗಲಿಯಲ್ಲಿ ಹತ್ತು ಹನ್ನೆರಡು ಪಾಟ್ ಉಂಟು. ಊಟಿಯಲ್ಲಿ ಪ್ಯಾನ್ಸಿ ನೋಡಿ ಬಂದ ಮೇಲೆ ಅಮ್ಮನಿಗೂ ನನಗೂ ಅದೇ ತಲೆಯಲ್ಲಿ, ಹೂವಿನ ನಡುವೆ ಬೆಕ್ಕಿನ ಮುಖದ ಹಾಗೆ ಕಪ್ಪು ಗುರ್ತು ಇರ್ತದಲ್ಲ, ಅದೇ. ಮಿಕ್ಸ್ ಪ್ಯಾಕೆಟ್ ತರಿಸಿ ಆಗಸ್ಟಲ್ಲಿ ಹಾಕಿದೆ, ಒಂದೂ ಮೊಳಕೆ ಬರ್ಲಿಲ್ಲ. ನವೆಂಬರಲ್ಲಿ ಮತ್ತೆ ಹಾಕಿದ್ದು ಏಳೆಂಟು ಬಂತು, ಒಂದೇ ವಾರದಲ್ಲಿ ಬುಡ ಕೊಳೆತು ಎಲ್ಲ ಅಡ್ಡ ಬಿತ್ತು. ತುಂಬ ಬೇಜಾರಾಯ್ತು. ಯಾವಾಗ ಹಾಕ್ಬೇಕು, ದೊಡ್ಡ ಹೂವಿನದ್ದಾ ಸಣ್ಣದ್ದಾ? ಬೆಳೆಸಿದವರು ಇದ್ರೆ ಹೇಳಿ.

ಸುರತ್ಕಲ್_ಹಿತ್ಲು
ನಮ್ಮ ಕರಾವಳಿಗೆ ಪ್ಯಾನ್ಸಿ ಕಷ್ಟ ಮಾರಾಯ್ರೆ. ಟೊರೇನಿಯಾ ಹಾಕಿ, ಅದ್ರಲ್ಲೂ ನೇರಳೆ, ಹಳದಿ ಎಲ್ಲ ಸೇರಿ ಚಂದ ಇರ್ತದೆ, ಮಳೆಗಾಲದಲ್ಲೂ ನೆರಳಲ್ಲೂ ಬರ್ತದೆ, ಬೀಜ ಬಿದ್ದು ತನ್ನಷ್ಟಕ್ಕೇ ಹುಟ್ತದೆ.

ಮಲ್ಪೆ_ಟೆರೇಸ್
ಟೊರೇನಿಯಾ ಒಳ್ಳೇದೇ, ಆದ್ರೆ ಪ್ಯಾನ್ಸಿಯ ಆ ಮುಖ ಅದಕ್ಕಿಲ್ಲ. ನಾನು ಮೂರು ವರ್ಷದಿಂದ ಮಾಡ್ತಾ ಇದ್ದೇನೆ, ಆಗ್ತದೆ, ಮೊಳಕೆ ಬರಿಸುದೇ ಇರುದು ಕೆಲಸ. ಈ ಬೀಜಕ್ಕೆ 18–20 ಡಿಗ್ರಿ ಬೇಕು, 25 ದಾಟಿದ್ರೆ ಬೀಜ ಸುಮ್ನೆ ಮಲಗ್ತದೆ, ನಿಮ್ಮ ಆಗಸ್ಟಿನದ್ದು ಅದಕ್ಕೇ ಬರ್ಲಿಲ್ಲ ಅಂತ ನನಗೆ ಕಾಣುದು. ತಂಪಿಗೆ ಅಂತ ಟ್ರೇಗೆ ಒದ್ದೆ ಗೋಣಿ ಸುತ್ತುದೆಲ್ಲ ನಮ್ಮಲ್ಲಿ ಪ್ರಯೋಜನ ಇಲ್ಲ, ಗಾಳಿಯಲ್ಲೇ ಅಷ್ಟು ತೇವ ಇರುವಾಗ ಅದು ತಂಪಾಗುದು ಹೇಗೆ. ನಾನು ಮೀನಿನ ಥರ್ಮೋಕೋಲ್ ಬಾಕ್ಸನ್ನು ಸೋಪು ಹಾಕಿ ತೊಳೆದು ಒಣಗಿಸಿ ಅದರೊಳಗೆ ಟ್ರೇ ಇಡ್ತೇನೆ, ಪಕ್ಕದಲ್ಲಿ ಐಸ್ ಕಟ್ಟಿದ ನೀರಿನ ಬಾಟಲ್, ಬೆಳಿಗ್ಗೆ ಒಂದು ಸಂಜೆ ಒಂದು ಬದಲಿಸುದು, ಟ್ರೇಗೆ ತಾಗಬಾರ್ದು. ಅಕ್ಟೋಬರ್ ಮೊದಲ ವಾರ ಹಾಕಿ. ಬೀಜದ ಮೇಲೆ ತೆಳ್ಳಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮುಚ್ಚಿ ಬಾಕ್ಸಿನ ಮುಚ್ಚಳ ಹಾಕಿ ಇಡಿ, ಕತ್ತಲೆ ಬೇಕು ಇದಕ್ಕೆ. 10–14 ದಿನದಲ್ಲಿ ತಲೆ ಎತ್ತಿತು ಅಂದ್ರೆ ಅದೇ ದಿನ ಬೆಳಕಿಗೆ ತೆಗೀರಿ, ತಡ ಮಾಡಿದ್ರೆ ಗಿಡ ಉದ್ದ ಸೋತು ಬೀಳ್ತದೆ. ಜನವರಿಗೆ ಹೂ, ಫೆಬ್ರವರಿ ಪೂರ್ತಿ ಉಂಟು, ಮಾರ್ಚ್ ಸೆಕೆಗೆ ಮುಗೀತದೆ.

ಉಡುಪಿ_ಜಗಲಿ
ಥರ್ಮೋಕೋಲ್ ಬಾಕ್ಸ್ ಹೊಳೆದೇ ಇರ್ಲಿಲ್ಲ, ನಾಳೆಯೇ ತರ್ತೇನೆ! ಬುಡ ಕೊಳೆತದ್ದು ಎಂತದು ಹಾಗಾದ್ರೆ? ಮತ್ತೆ ಕಲರ್?

ಮೂಡಬಿದ್ರೆ_ಅಕ್ಕ
ಅದು ಫಂಗಸ್. ಗಾಳಿ ಆಡದೆ, ದಿನಾ ಮೇಲಿಂದ ನೀರು ಚೆಲ್ಲಿದ್ರೆ ಹಾಗೇ ಆಗುದು. ಟ್ರೇಯನ್ನು ನೀರಿನ ತಟ್ಟೆಯಲ್ಲಿ ಹದಿನೈದು ನಿಮಿಷ ಇಟ್ಟು ಕೆಳಗಿಂದ ಕುಡಿಸಿ. ಪಾಟಿಗೆ ಬದಲಿಸುವಾಗ ಸುಡುಮಣ್ಣು (ಸೊಪ್ಪು ಕಸದ ಜೊತೆ ಸುಟ್ಟ ಮಣ್ಣು) ಸಿಕ್ಕಿದ್ರೆ ಮಿಕ್ಸ್ ಮಾಡಿ. ಬೆಳಿಗ್ಗೆ ಹತ್ತು ಗಂಟೆವರೆಗಿನ ಬಿಸಿಲು ಸಾಕು, ಮತ್ತೆ ತೆಂಗಿನ ನೆರಳು.

ಕಲರ್ ಬಗ್ಗೆ ನನ್ನ ಅನುಭವ ಹೇಳುದಾದ್ರೆ, ಸ್ವಿಸ್ ಜೈಂಟ್ ಅಂತ ದೊಡ್ಡ ಹೂವಿನದ್ದು ನಮ್ಮಲ್ಲಿ ಹೂ ಸಣ್ಣ ಆಗಿ ಬೇಗ ಬಾಡ್ತದೆ. ಅದರ ತಂಗಿ ವಯೋಲಾ ಸಣ್ಣ ಹೂವಾದ್ರೂ ಸೆಕೆ ಸ್ವಲ್ಪ ತಡಕೊಳ್ತದೆ, ಗಿಡ ತುಂಬ ಬಿಡ್ತದೆ. ಅರ್ಧ ಪ್ಯಾಕೆಟ್ ಅದು ಹಾಕಿ. ಕಡು ನೇರಳೆ ಒಂದೇ ಹಾಕಿದ್ರೆ ಜಗಲಿ ನೆರಳಲ್ಲಿ ಕಾಣುದೇ ಇಲ್ಲ, ಹಳದಿ ಬಿಳಿ ಜೊತೆ ಇಡಿ. ಮುಖ ಬೇಕಾದ್ರೆ ಪ್ಯಾಕೆಟಿನ ಫೋಟೋದಲ್ಲಿ ಕಪ್ಪು ಗುರ್ತು ಉಂಟಾ ನೋಡಿ ತಗೊಳ್ಳಿ, ಗುರ್ತೇ ಇಲ್ಲದ ಜಾತಿಯೂ ಇರ್ತದೆ. ತಾರೀಖೂ ನೋಡಿ, ಹಳೆ ಬೀಜ ಬೇಗ ಕೆಡ್ತದೆ. ಬಾಡಿದ ಹೂ ದಿನಾ ಚಿವುಟಿ, ಬೀಜ ಕಟ್ಟಲಿಕ್ಕೆ ಬಿಟ್ರೆ ಹೊಸ ಮೊಗ್ಗು ಕಡಿಮೆ ಆಗ್ತದೆ.

ಉಡುಪಿ_ಜಗಲಿ
ಥ್ಯಾಂಕ್ಸ್ ಅಕ್ಕ, ಇಬ್ಬರಿಗೂ. ವಯೋಲಾ ಮತ್ತು ಹಳದಿ ಪ್ಯಾನ್ಸಿ ಎರಡೂ ತರಿಸ್ತೇನೆ. ಮೊದಲ ಹೂ ಬಿಟ್ಟ ದಿನ ಇಲ್ಲೇ ಫೋಟೋ ಹಾಕ್ತೇನೆ.