ಹಿತ್ತಾಳೆಗೆ ತಗ್ಗು ಬಿತ್ತು, ಕಾರ್ಬೈಡ್ ಚೂರಾಯಿತು: ಏಕೆ?

ಭೋಸರಿಯ ಲೇತಿನವನು:
ಪುಣೆಯ ಭೋಸರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೇತ್ ಓಡಿಸುತ್ತಿದ್ದೇನೆ. ಊರು ಬಾಗಲಕೋಟೆ ಕಡೆ. ಕಳೆದ ವಾರ ಕೈಜಾರಿ ಎರಡು ವಸ್ತುಗಳು ಕಾಂಕ್ರೀಟ್ ನೆಲಕ್ಕೆ ಬಿದ್ದವು. ಹಿತ್ತಾಳೆಯ ಬುಶ್ಶಿನ (ದಂಡ ತೂರಿಸುವ ಗಿಡ್ಡ ಕೊಳವೆಯ) ಅಂಚಿಗೆ ಒಂದು ತಗ್ಗು ಬಿತ್ತು, ಅಷ್ಟೇ. ಲೇತಿನ ಉಳಿಯ ತುದಿಗೆ ಕೂರಿಸುವ ಹೊಸ ಕಾರ್ಬೈಡ್ ಇನ್ಸರ್ಟಿನ ಮೂಲೆಯೇ ಹಾರಿಹೋಯಿತು. ಉಕ್ಕನ್ನು ದಿನವಿಡೀ ಕೊರೆಯುವ ವಸ್ತು, ಸೊಂಟದೆತ್ತರದಿಂದ ಬಿದ್ದದ್ದಕ್ಕೆ ಈ ಗತಿ! ಮನೆಗೆ ಒಯ್ದು ಹನ್ನೊಂದನೆಯ ತರಗತಿಯ ಮಗಳಿಗೆ ತೋರಿಸಿದೆ. ಪರಮಾಣುಗಳ ನಡುವಿನ ಬಂಧ ಬಲವಾದಷ್ಟೂ ವಸ್ತು ಗಟ್ಟಿ ಎಂದು ಅವಳು ಓದಿದ್ದಾಳೆ. "ಹಾಗಿದ್ದರೆ ಗಟ್ಟಿಯಾದದ್ದೇ ಏಕೆ ಒಡೆಯಿತಪ್ಪಾ?" ಎಂದಳು. ಒಡೆಯುತ್ತದೆ ಎಂದು ನನಗೆ ಗೊತ್ತು, ಏಕೆ ಎಂದು ಗೊತ್ತಿಲ್ಲ. ತಿಳಿದವರು ಹೇಳಿ.

ಮಾಟುಂಗಾದ ಮೇಷ್ಟ್ರು:
ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಬರುತ್ತಿದ್ದ ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಅವರಿಗೆ ಹೇಳಿದಂತೆಯೇ ಹೇಳುತ್ತೇನೆ. ಲೋಹವೆಂದರೆ ಪಂಕ್ತಿಯ ಊಟ. ಪರಮಾಣುಗಳು ಸಾಲಾಗಿ ಕುಳಿತಿವೆ, ಎಲೆಕ್ಟ್ರಾನುಗಳು ಬಡಿಸುವವರು. ಅವರು ಯಾವ ಎಲೆಗೂ ಸೇರಿದವರಲ್ಲ. ಇಡೀ ಸಾಲು ಒಂದು ಜಾಗ ಆಚೆ ಸರಿದು ಕುಳಿತರೂ ಸಾರು ಬಂದೇ ಬರುತ್ತದೆ. ಆದ್ದರಿಂದ ಹಿತ್ತಾಳೆ ಪೆಟ್ಟು ತಿಂದು ಸರಿಯುತ್ತದೆ, ಬಿಡಿಬಿಡಿಯಾಗುವುದಿಲ್ಲ.

ಹರಳುಪ್ಪು ಚದುರಂಗದ ಮಣೆ. ಸೋಡಿಯಂ ಧನ, ಕ್ಲೋರೈಡ್ ಋಣ, ಒಂದು ಬಿಟ್ಟು ಒಂದು. ಒಂದು ಮನೆ ಜರುಗಿಸಿದರೆ ಕಪ್ಪಿಗೆ ಕಪ್ಪೇ ಎದುರಾಗುತ್ತದೆ. ಸಮಾನ ವಿದ್ಯುದಂಶಗಳು ಒಂದನ್ನೊಂದು ನೂಕಿ ಹರಳು ಸೀಳುತ್ತದೆ. ಬಂಧವೇನೂ ದುರ್ಬಲವಲ್ಲ, ಉಪ್ಪು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು.

ವಜ್ರದಲ್ಲಿ ಒಂದೊಂದು ಕಾರ್ಬನ್ ಪರಮಾಣುವೂ ಗೊತ್ತಾದ ನಾಲ್ಕು ನೆರೆಯವರ ಕೈ ಹಿಡಿದಿರುತ್ತದೆ. ಸರಿಯಬೇಕಾದರೆ ಕೈ ಬಿಡಬೇಕು, ಬಿಟ್ಟರೆ ಬಿರುಕು. ನಿಮ್ಮ ಟಂಗ್‌ಸ್ಟನ್ ಕಾರ್ಬೈಡಿನ ಕಣಗಳಲ್ಲಿಯೂ ಇಂಥ ಸಹವೇಲೆನ್ಸಿಯ ಬಂಧದ ಪಾಲು ದೊಡ್ಡದು. ಬರೀ ಆ ಕಣಗಳಾಗಿದ್ದರೆ ಲೇತಿನ ಅದುರಾಟಕ್ಕೇ ಒಡೆಯುತ್ತಿತ್ತು. ನಡುವೆ ಕೋಬಾಲ್ಟ್ ಎಂಬ ಲೋಹವನ್ನು ಗಾರೆಯಂತೆ ತುಂಬಿರುತ್ತಾರೆ. ಹಳಬರು ಇದನ್ನು "ವಿಡಿಯಾ" ಎನ್ನುವುದನ್ನು ಕೇಳಿರಬಹುದು. ಅದು ಜರ್ಮನ್ ಭಾಷೆಯ "ವಜ್ರದಂತೆ" ಎಂಬ ಮಾತಿನಿಂದ ಬಂದ ಹೆಸರು.

ಪಕ್ಕದ ಟೂಲ್‌ರೂಮಿನಲ್ಲಿ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಯಂತ್ರಕ್ಕೆ ಗ್ರಾಫೈಟ್ ಕೆತ್ತುವವರ ಕೈ ಮಸಿಯಾಗಿರುವುದನ್ನು ಮಗಳಿಗೆ ತೋರಿಸಿ. ಅದೂ ಕಾರ್ಬನ್ನೇ. ಹಾಳೆಯೊಳಗೆ ಪರಮಾಣುಗಳ ಅಂತರ 0.142 ನ್ಯಾನೋಮೀಟರ್, ಹಾಳೆ ಹಾಳೆಗಳ ನಡುವೆ 0.335. ಹಾಳೆಯೊಳಗಿನ ಹಿಡಿತ ವಜ್ರಕ್ಕಿಂತ ಕಡಿಮೆಯಲ್ಲ. ಹಾಳೆಗಳ ನಡುವೆ ಮಾತ್ರ ಹಿಡಿತ ಸಡಿಲ. ಅದಕ್ಕೇ ಕೈಗೆ ಅಂಟುತ್ತದೆ.

ವಾಸ್ಕೋದ ವೆಲ್ಡರ್:
ಮೇಷ್ಟ್ರೇ, ಪಂಕ್ತಿಯ ಕಥೆ ಚೆನ್ನಾಗಿದೆ, ಆದರೆ ಅರ್ಧ. ಲೋಹ ಉಜ್ಜುವ ಅರವೂ ಉಕ್ಕು, ಮೊಳೆಯೂ ಉಕ್ಕು. ಮೊಳೆ ಬಾಗುತ್ತದೆ, ಅರ ಪಟಕ್ಕನೆ ಮುರಿಯುತ್ತದೆ. ಎರಡರಲ್ಲೂ ಲೋಹೀಯ ಬಂಧವೇ ಅಲ್ಲವೇ? ಸಾಲು ಒಮ್ಮೆಗೇ ಸರಿಯುವುದಿಲ್ಲ. ದೊಡ್ಡ ಜಮಖಾನೆಯನ್ನು ಸರಿಸಲು ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆಚೆಗೆ ತಳ್ಳುತ್ತೇವಲ್ಲ, ಹಾಗೆ. ಅರವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಕಾರ್ಬನ್ ಹೊರಬರಲಾಗದೆ ಸಾಲುಗಳ ನಡುವೆ ಸಿಕ್ಕಿಬಿದ್ದು ಸುಕ್ಕಿಗೆ ಅಡ್ಡ ನಿಲ್ಲುತ್ತದೆ. ಬಂಧವೊಂದನ್ನೇ ನೋಡಿ ತೀರ್ಪು ಕೊಡಬೇಡಿ.

ಮಾಟುಂಗಾದ ಮೇಷ್ಟ್ರು:
ಒಪ್ಪಿದೆ. ಪಾಠದಲ್ಲಿ ಆ ಪುಟ ಬರುವ ಹೊತ್ತಿಗೆ ನನ್ನ ಹುಡುಗರು ತೂಕಡಿಸುತ್ತಿದ್ದರು.

ಭೋಸರಿಯ ಲೇತಿನವನು:
ಇಬ್ಬರಿಗೂ ನಮಸ್ಕಾರ. ಭಾನುವಾರ ಮನೆಯಲ್ಲೇ ನೋಡಿಬಿಟ್ಟೆವು. ಹರಳುಪ್ಪು ಸುತ್ತಿಗೆಗೆ ಚಪ್ಪಟೆ ಮುಖಗಳಾಗಿ ಸೀಳಿತು. ದಪ್ಪ ತಾಮ್ರದ ತಂತಿಯನ್ನು ಬಾಗಿಸಿ ನೆಟ್ಟಗೆ ಮಾಡುತ್ತಾ ಹೋದರೆ ಅದು ಬಿರುಸಾಗುತ್ತಾ ಬಂತು. ಸುಕ್ಕುಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿರಬೇಕು ಎಂದು ಮಗಳೇ ಹೇಳಿದಳು. ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆವು. ಅಡುಗೆಮನೆಯ ಇಕ್ಕಳ ಕಪ್ಪಾಗಿ ಮನೆಯವಳಿಂದ ಬೈಸಿಕೊಂಡದ್ದು ಬೇರೆ. ಉಕ್ಕಿನಂತೆ ಇದೂ ಬಿರುಸಾಗುತ್ತದೆ ಎಂದು ಐಸ್‌ಕ್ರೀಮಿನ ಪಂಥ ಕಟ್ಟಿದ್ದೆ. ತಂತಿ ದಾರದಂತೆ ಬಾಗಿತು. ಸೋತೆ. ಏಕೆ?

ವಾಸ್ಕೋದ ವೆಲ್ಡರ್:
ತಾಮ್ರದೊಳಗೆ ಸಿಕ್ಕಿಬೀಳಲು ಕಾರ್ಬನ್ ಎಲ್ಲಿದೆ ಸರ್? ಐಸ್‌ಕ್ರೀಮ್ ಕೊಡಿಸಿ.